‘ಕಣ್ಣು ಕಾಣಂಗಿಲ್ರಿ’ ಅಂದರೆ ಎಷ್ಟು ಕಾಣಂಗಿಲ್ಲ?

ರಾಯಚೂರು, ಕೊಪ್ಪಳ, ಬಳ್ಳಾರಿ ಸೀಮೆಯಲ್ಲಿ ‘ಕಣ್ಣು ಕಾಣಂಗಿಲ್ರಿ’ ಎಂಬ ಒಂದೇ ಮಾತಿನ ಹಿಂದೆ ಐದಾರು ಬೇರೆ ಬೇರೆ ಸ್ಥಿತಿಗಳಿರುತ್ತವೆ. ಚಾಳೀಸು ಬಂದು ಅಕ್ಕಿಯೊಳಗಿನ ಹರಳು ಆರಿಸಲಾಗದ ಅವ್ವ ಹೀಗೇ ಹೇಳುತ್ತಾಳೆ. ಪೊರೆ ಬಲಿತು ಎದುರಿಗೆ ನಿಂತವರ ಗುರುತು ಹತ್ತದ ಅಜ್ಜನೂ ಹೀಗೇ ಹೇಳುತ್ತಾನೆ. ಭತ್ತದ ಹೊಟ್ಟು ಬಡಿದು ಕಣ್ಣಲ್ಲಿ ಹೂ ಬಿದ್ದವರು, ಹೊತ್ತು ಮುಳುಗಿದ ಮೇಲೆ ಗೋಡೆ ಹಿಡಿದು ನಡೆಯುವ ಹುಡುಗ, ಹುಟ್ಟಿದಾಗಿನಿಂದ ಬೆಳಕನ್ನೇ ಕಾಣದವರು, ಎಲ್ಲರದೂ ಇದೇ ಮಾತು. ಕೇಳಿಸಿಕೊಂಡವರು ಅದನ್ನು ಕಾಗದಕ್ಕೆ ಇಳಿಸುವಾಗ ‘ಅಂಧ’ ಎಂದೋ ‘ದೃಷ್ಟಿದೋಷ’ ಎಂದೋ ಒಂದು ಪದ ಹಾಕಿ ಮುಗಿಸುತ್ತಾರೆ. ಇವರಲ್ಲಿ ಒಬ್ಬರಿಗೆ ಕನ್ನಡಕ ಸಾಕು, ಇನ್ನೊಬ್ಬರಿಗೆ ಆಪರೇಷನ್ ಸಾಕು. ಉಳಿದವರಲ್ಲೂ ಪೂರ್ತಿ ಕಾಣದವರ ಅಗತ್ಯ ಬೇರೆ, ಸ್ವಲ್ಪ ಕಾಣುವವರ ಅಗತ್ಯ ಬೇರೆ. ಒಂದೇ ಪದ ಹಾಕಿದಾಗ ಹೆಚ್ಚು ಕಳೆದುಕೊಳ್ಳುವವರು ಈ ಸ್ವಲ್ಪ ಕಾಣುವವರೇ. ಅವರಿಗಾಗಿ ಇರುವ ಪದ ‘ಮಂದದೃಷ್ಟಿ’. ಅದರ ಅರ್ಥ, ಅಳತೆ, ಬಳಕೆ ಮೂರನ್ನೂ ಇಲ್ಲಿ ಬಿಡಿಸಿ ಬರೆಯುತ್ತಿದ್ದೇನೆ.

ಮೊದಲು ಬಳಕೆಯಲ್ಲಿರುವ ಪದಗಳನ್ನು ನೋಡೋಣ. ‘ಕುರುಡು’ ಅಚ್ಚಕನ್ನಡದ್ದು. ತಮಿಳು, ಮಲಯಾಳಗಳಲ್ಲೂ ಇದೇ ಬೇರಿನ ಪದ ಇದೆ. ಹುಟ್ಟಿನಲ್ಲಿ ಅದು ಬೈಗುಳವಲ್ಲ, ಸ್ಥಿತಿಯ ಹೆಸರು ಅಷ್ಟೇ. ಆದರೆ ಊರಲ್ಲಿ ಅದು ‘ಕುಲ್ಡ’ ಎಂದಾಗಿ ಮನುಷ್ಯನ ಹೆಸರಿಗೆ ಅಂಟಿಕೊಂಡಿತು. ತೆಲುಗು ಸೇರಿರುವ ರಾಯಚೂರಿನ ಪೂರ್ವದ ಹಳ್ಳಿಗಳಲ್ಲಿ, ಸಿರುಗುಪ್ಪದ ಕಡೆ ‘ಗುಡ್ಡಿ’ ಎಂಬುದೂ ಹಾಗೆಯೇ ಅಂಟಿತು. ಒಬ್ಬರ ಸ್ವಂತ ಹೆಸರಿನ ಜಾಗದಲ್ಲಿ ಅವರ ಕಣ್ಣು ಬಂದು ಕೂತರೆ ಯಾವ ಪದವೂ ಬೈಗುಳವಾಗುತ್ತದೆ. ಪತ್ರಿಕೆಗಳು ಬಳಸುವ ‘ಜಾಣಕುರುಡು’ ಇನ್ನೊಂದು ಬಗೆಯ ತಪ್ಪು. ಕಂಡೂ ಕಾಣದಂತಿರುವುದು ಕಣ್ಣಿದ್ದವರ ಕೆಲಸ. ಕಾಣದವರು ಏನನ್ನೂ ಬೇಕೆಂದು ಕಡೆಗಣಿಸುವುದಿಲ್ಲ. ಕೋಲು ತಟ್ಟಿ, ಕಿವಿಗೊಟ್ಟು, ಕೈಯಿಂದ ಮುಟ್ಟಿ ಇನ್ನೂ ಹೆಚ್ಚು ಗಮನ ಕೊಡುತ್ತಾರೆ.

‘ಅಂಧ’ ಸಂಸ್ಕೃತದಿಂದ ಬಂದದ್ದು, ಮರ್ಯಾದೆಯ ಪದ ಎಂದು ನಾವು ತಿಳಿದಿದ್ದೇವೆ. ಅದರೊಳಗೆ ಕತ್ತಲೆ ಎಂಬ ಅರ್ಥ ಕೂಡಿಕೊಂಡೇ ಇದೆ. ‘ಅಂಧಕಾರ’ ಹುಟ್ಟಿದ್ದು ಅಲ್ಲಿಂದಲೇ. ಕಾಣದವರ ಬದುಕೆಲ್ಲ ಕತ್ತಲೆ ಎಂಬ ಭಾವನೆಗೆ ಈ ಪದದ್ದೂ ಪಾಲಿದೆ. ನಿಜವಾಗಿ ನೋಡಿದರೆ ಕಾನೂನಿನ ಪ್ರಕಾರ ‘ಅಂಧ’ ಎನಿಸಿಕೊಂಡ ಬಹಳಷ್ಟು ಜನರಿಗೆ ಬೆಳಕು ತಿಳಿಯುತ್ತದೆ, ಕಿಟಕಿ ಎಲ್ಲಿದೆ ಎಂದು ಗೊತ್ತಾಗುತ್ತದೆ, ಎದುರಿಗೆ ಯಾರೋ ಆಡಿದಂತೆ ನೆರಳು ಕಾಣುತ್ತದೆ. ಇಷ್ಟಾದರೂ ‘ಅಂಧರ ಶಾಲೆ’, ‘ಅಂಧರ ಸಂಘ’ ಎಂಬ ಹೆಸರುಗಳನ್ನು ಆ ಸಮುದಾಯದವರೇ ಹೆಮ್ಮೆಯಿಂದ ಇಟ್ಟುಕೊಂಡಿದ್ದಾರೆ. ತಮಗೆ ತಾವೇ ಇಟ್ಟುಕೊಂಡ ಪದವನ್ನು ಹೊರಗಿನವರು ತಿದ್ದಲು ಹೋಗಬಾರದು.

‘ದೃಷ್ಟಿಹೀನ’ದಲ್ಲಿ ‘ಹೀನ’ ಇದೆ. ಇಲ್ಲದ ಎಂಬ ಅರ್ಥ ನಿಘಂಟಿನಲ್ಲಿರಬಹುದು, ಕನ್ನಡದ ಕಿವಿಗೆ ಮೊದಲು ಬೀಳುವುದು ಕೀಳು ಎಂಬ ಅರ್ಥ. ‘ವಿಕಲಚೇತನ’ ನಮ್ಮ ರಾಜ್ಯದ ಇಲಾಖೆಯ ಹೆಸರಿನಲ್ಲೇ ಇದೆ: ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆ. ಆದರೆ ವಿಕಲವಾಗಿರುವುದು ಕಣ್ಣಿನ ಒಂದು ಕೆಲಸ, ಚೇತನವಲ್ಲ. ಪತ್ರಿಕೆಗಳು ‘ವಿಶೇಷಚೇತನ’ ಎಂದು ಬರೆಯತೊಡಗಿದವು. 2015ರ ಡಿಸೆಂಬರ್ 27ರ ಪ್ರಧಾನಿಯ ರೇಡಿಯೋ ಭಾಷಣದ ನಂತರ ‘ದಿವ್ಯಾಂಗ’ ಕೇಂದ್ರ ಸರ್ಕಾರದ ಕಡತಗಳಿಗೆ ಬಂತು. ಹೊಗಳಿಕೆಯ ಪದಗಳ ತೊಂದರೆ ಏನೆಂದರೆ ಅವು ಅಳತೆ ಹೇಳುವುದಿಲ್ಲ. ‘ದಿವ್ಯಾಂಗ ವಿದ್ಯಾರ್ಥಿ’ ಎಂದು ಬರೆದಿದ್ದನ್ನು ಓದಿದ ಪರೀಕ್ಷಾ ಕೇಂದ್ರದವರಿಗೆ ಹೇಳಿದ್ದನ್ನು ಬರೆದುಕೊಡುವ ಲಿಪಿಕಾರ ಬೇಕೋ, ದೊಡ್ಡಕ್ಷರದ ಪ್ರಶ್ನೆಪತ್ರಿಕೆ ಬೇಕೋ, ಇಳಿಜಾರು ಹಾದಿ ಬೇಕೋ ಏನೂ ತಿಳಿಯುವುದಿಲ್ಲ.

ಇವೆಲ್ಲಕ್ಕಿಂತ ಹೆಚ್ಚು ಗೊಂದಲ ಮಾಡುವುದು ‘ದೃಷ್ಟಿದೋಷ’. ಫಾರ್ಮುಗಳಲ್ಲಿ, ಸಮೀಕ್ಷೆಯ ಪಟ್ಟಿಗಳಲ್ಲಿ ಈ ಪದ ಬಹಳ. ಕನ್ನಡಕದಿಂದ ಸರಿಹೋಗುವ ತೊಂದರೆಗೂ ಅದೇ ಪದ, ಯಾವುದರಿಂದಲೂ ಸರಿಹೋಗದ ತೊಂದರೆಗೂ ಅದೇ ಪದ. ಅದರ ಮೇಲೆ ನಮ್ಮ ಕಡೆ ದೃಷ್ಟಿ ಎಂದರೆ ಕೆಟ್ಟಗಣ್ಣು ಕೂಡ. ಮಗು ಹಾಲು ಕುಡಿಯದಿದ್ದರೆ ‘ದೃಷ್ಟಿ ಆಗೈತಿ, ನದರ ತಗಿ’ ಎನ್ನುತ್ತಾರೆ. ಮನೆಗೆ ಬಂದ ಕಾರ್ಯಕರ್ತೆ ‘ಮನೆಯಲ್ಲಿ ಯಾರಿಗಾದರೂ ದೃಷ್ಟಿದೋಷ ಐತೇನ್ರಿ’ ಎಂದು ಕೇಳಿದರೆ ಬರುವ ಉತ್ತರವನ್ನು ನಂಬಿ ಪಟ್ಟಿ ಮಾಡುವಂತಿಲ್ಲ. ಕೇಳಬೇಕಾದ ರೀತಿ ಬೇರೆ: ‘ಕನ್ನಡಕ ಹಾಕ್ಕೊಂಡ್ರೂ ಯಾರಿಗಾದರೂ ಕಣ್ಣು ಕಮ್ಮಿ ಕಾಣ್ತಾವೇನ್ರಿ? ರಾತ್ರಿ ನಡಿಯಾಕ ತ್ರಾಸಾಗತೈತೇನ್ರಿ?’ ಈ ಎರಡು ಪ್ರಶ್ನೆ ಕೇಳಿದರೆ ನಿಜವಾದ ಮಂದದೃಷ್ಟಿಯವರು ಸಿಗುತ್ತಾರೆ.

ಈಗ ಕಾನೂನಿನ ಅರ್ಥಕ್ಕೆ ಬರೋಣ. ಅಂಗವಿಕಲರ ಹಕ್ಕುಗಳ ಕಾಯ್ದೆ 2016ರದ್ದು, ಜಾರಿಗೆ ಬಂದದ್ದು 2017ರ ಏಪ್ರಿಲ್ 19ರಂದು. ಅದರ 21 ಅಂಗವೈಕಲ್ಯಗಳ ಪಟ್ಟಿಯಲ್ಲಿ ಕಣ್ಣಿಗೆ ಸಂಬಂಧಿಸಿದವು ಎರಡು: ಅಂಧತ್ವ ಮತ್ತು ಮಂದದೃಷ್ಟಿ. ಎರಡರ ಮುಂದೆಯೂ ಒಂದು ಷರತ್ತು ಇದೆ, ಎಲ್ಲರೂ ಮರೆಯುವುದು ಇದನ್ನೇ: ಚೆನ್ನಾಗಿರುವ ಕಣ್ಣಿನಲ್ಲಿ, ಸಾಧ್ಯವಿರುವಷ್ಟು ಒಳ್ಳೆಯ ಕನ್ನಡಕ ಹಾಕಿದ ಮೇಲೆ ಎಷ್ಟು ಕಾಣುತ್ತದೆ ಎಂಬುದೇ ಲೆಕ್ಕ. ಹಾಗೆ ನೋಡಿದಾಗ 3/60ಕ್ಕಿಂತ (ಈ ಅಂಕಿಗಳನ್ನು ಮುಂದೆ ಬಿಡಿಸಿದ್ದೇನೆ) ಕಡಿಮೆ ಇದ್ದರೆ, ಅಥವಾ ನೋಟದ ಹರವು, ಅಂದರೆ ಕಣ್ಣು ಕದಲಿಸದೆ ಕಾಣುವ ಅಗಲ, 10 ಡಿಗ್ರಿಗಿಂತ ಕಿರಿದಾಗಿದ್ದರೆ ಅಂಧತ್ವ. 6/18ಕ್ಕಿಂತ ಕಡಿಮೆಯಿಂದ 3/60ರವರೆಗೆ, ಅಥವಾ ಹರವು 40 ಡಿಗ್ರಿಗಿಂತ ಕಡಿಮೆಯಿಂದ 10 ಡಿಗ್ರಿವರೆಗೆ ಇದ್ದರೆ ಮಂದದೃಷ್ಟಿ. 1995ರ ಹಳೆಯ ಕಾಯ್ದೆಯಲ್ಲಿ ಅಂಧತ್ವದ ಗೆರೆ 6/60ಕ್ಕೆ ಇತ್ತು. ಅಂದು ‘ಅಂಧ’ ಎಂದು ಪ್ರಮಾಣಪತ್ರ ಪಡೆದವರಲ್ಲಿ ಕೆಲವರು ಇಂದಿನ ಲೆಕ್ಕದಲ್ಲಿ ‘ಮಂದದೃಷ್ಟಿ’. ಹಳೆಯ ಕಾಗದ ಮತ್ತು ಹೊಸ ಕಾರ್ಡಿನಲ್ಲಿ ಪದ ಬೇರೆಯಾದರೆ ಯಾರೋ ಮೋಸ ಮಾಡಿದರು ಎಂದಲ್ಲ, ಅಳತೆಗೋಲು ಬದಲಾಗಿದೆ. ರಾಷ್ಟ್ರೀಯ ಅಂಧತ್ವ ನಿಯಂತ್ರಣ ಕಾರ್ಯಕ್ರಮವೂ 1976ರಿಂದ ನಡೆದುಬಂದು 2017ರಲ್ಲಿ ತನ್ನ ಗೆರೆಯನ್ನು 3/60ಕ್ಕೆ ತಂದು ವಿಶ್ವ ಆರೋಗ್ಯ ಸಂಸ್ಥೆಯ ಅಳತೆಗೆ ಹೊಂದಿಸಿಕೊಂಡಿತು.

ಈ 6/60 ಎಂಬುದನ್ನು ಬಹಳ ಜನ ಶೇಕಡಾವಾರು ಎಂದುಕೊಳ್ಳುತ್ತಾರೆ, ಭಿನ್ನರಾಶಿಯಂತೆ ಭಾಗಿಸಿ ‘ನೂರಕ್ಕೆ ಹತ್ತು ಕಾಣತೈತಿ’ ಎನ್ನುತ್ತಾರೆ. ಹಾಗಲ್ಲ. ಮೇಲಿನ ಅಂಕಿ ನೋಡುವವರು ಎಷ್ಟು ಮೀಟರ್ ದೂರದಲ್ಲಿ ಕೂತಿದ್ದಾರೆ ಎಂಬುದು. ಕೆಳಗಿನದು ಅದೇ ಅಕ್ಷರವನ್ನು ಆರೋಗ್ಯವಂತ ಕಣ್ಣು ಎಷ್ಟು ದೂರದಿಂದ ಓದುತ್ತದೆ ಎಂಬುದು. ಆಸ್ಪತ್ರೆಯ ಪಟದ ತುದಿಯಲ್ಲಿರುವ ಒಂಟಿ ದೊಡ್ಡ ಅಕ್ಷರ 60 ಮೀಟರಿನದು. ಅದನ್ನು 6 ಮೀಟರಿಗೆ ಬಂದಾಗ ಮಾತ್ರ ಓದಿದರೆ 6/60. 6 ಮೀಟರಿನಲ್ಲೂ ಕಾಣದೆ, ಎದ್ದು 3 ಮೀಟರಿಗೆ ಬಂದಾಗ ಕಂಡರೆ 3/60. ಅದೂ ಆಗದಿದ್ದರೆ ಬೆರಳು ಎಣಿಸುವುದು, ಆಮೇಲೆ ಕೈಯಾಡಿಸಿದ್ದು ತಿಳಿಯುವುದು, ಕೊನೆಗೆ ಟಾರ್ಚಿನ ಬೆಳಕು ತಿಳಿಯುವುದು. ಚೀಟಿಯಲ್ಲಿ ಈ ಕ್ರಮದಲ್ಲೇ ಬರೆದಿರುತ್ತದೆ.

ಹಳ್ಳಿಯಲ್ಲಿ ಪಟ ಇಲ್ಲದೆಯೂ ಒಂದು ಮಟ್ಟಿಗೆ ನೋಡಬಹುದು. ಹಗಲಿನಲ್ಲಿ, ಬಿಸಿಲು ಮುಖಕ್ಕೆ ಹೊಡೆಯದಂತೆ ಪಡಸಾಲೆಯಲ್ಲಿ ಕೂರಿಸಿ. ಟೇಪಿನಲ್ಲಿ 3 ಮೀಟರ್ ಅಳೆಯಿರಿ, ಹತ್ತು ಅಡಿಗೆ ಸ್ವಲ್ಪ ಕಮ್ಮಿ. ಹೆಜ್ಜೆ ಲೆಕ್ಕ ಬೇಡ, ಒಬ್ಬೊಬ್ಬರ ಹೆಜ್ಜೆ ಒಂದೊಂದು. ಕನ್ನಡಕ ಇದ್ದರೆ ಹಾಕಿಯೇ ಇರಲಿ. ಒಂದು ಕಣ್ಣನ್ನು ಅವರ ಅಂಗೈಯಿಂದಲೇ ಮುಚ್ಚಿಸಿ. ಬೆರಳಿನಿಂದ ಮುಚ್ಚಿದರೆ ಮಕ್ಕಳು ಸಂದಿನಿಂದ ಇಣುಕುತ್ತಾರೆ, ಒತ್ತಿ ಮುಚ್ಚಿದರೆ ಆ ಕಣ್ಣು ತೆರೆದಾಗ ಕೆಲ ನಿಮಿಷ ಮಬ್ಬಾಗಿರುತ್ತದೆ. ಬೆರಳು ತೋರಿಸುವಾಗ ಹಿಂದೆ ಬಿಳಿ ಗೋಡೆ ಇರದೆ ಗಾಢ ಬಣ್ಣದ ಬಟ್ಟೆಯೋ ಬಾಗಿಲೋ ಇರಲಿ. ಎರಡು, ನಾಲ್ಕು, ಒಂದು, ಮೂರು ಹೀಗೆ ಕ್ರಮ ತಪ್ಪಿಸಿ ಐದು ಸಲ ತೋರಿಸಿ. ಎಣಿಸಲಾಗದಿದ್ದರೆ ಆ ಕಣ್ಣು ಹೆಚ್ಚುಕಡಿಮೆ 3/60ರ ಕೆಳಗಿದೆ ಎಂದು ತಿಳಿದು ಆಸ್ಪತ್ರೆಗೆ ಕಳಿಸಬೇಕು. ಎರಡನೆಯ ಕಣ್ಣನ್ನು ಬೇರೆಯಾಗಿ ನೋಡಲೇಬೇಕು. ಒಂದು ಕಣ್ಣು ಪೂರ್ತಿ ಹೋಗಿದ್ದರೂ ಇನ್ನೊಂದರ ಬಲದಿಂದ ವರ್ಷಗಟ್ಟಲೆ ಗೊತ್ತೇ ಆಗದೆ ಉಳಿದಿರುವುದುಂಟು.

ಇನ್ನೊಂದು ಸುಲಭದ ಪರೀಕ್ಷೆ ಸೂಜಿತೂತಿನದು. ದಪ್ಪ ರಟ್ಟಿನಲ್ಲಿ ಸುಮಾರು 1 ಮಿಲಿಮೀಟರ್ ತೂತು ಮಾಡಿ, ಒಂದು ಕಣ್ಣು ಮುಚ್ಚಿ ಇನ್ನೊಂದರಿಂದ ಆ ತೂತಿನ ಮೂಲಕ ದೂರದ ಕ್ಯಾಲೆಂಡರ್ ನೋಡಲು ಹೇಳಿ. ಬರಿಗಣ್ಣಿಗಿಂತ ತೂತಿನಲ್ಲಿ ಸ್ಪಷ್ಟವಾಗಿ ಕಂಡರೆ ತೊಂದರೆ ಬಹುತೇಕ ಕನ್ನಡಕದ್ದು. ಕಿರಿದಾದ ತೂತು ಅಡ್ಡಾದಿಡ್ಡಿ ಬರುವ ಕಿರಣಗಳನ್ನು ತಡೆದು ನೇರ ಕಿರಣಗಳನ್ನಷ್ಟೇ ಒಳಗೆ ಬಿಡುವುದರಿಂದ ಹೀಗಾಗುತ್ತದೆ. ಏನೂ ವ್ಯತ್ಯಾಸ ಇಲ್ಲದಿದ್ದರೆ ಅಥವಾ ಇನ್ನೂ ಮಬ್ಬಾದರೆ ಕಣ್ಣಿನೊಳಗೇ ಏನೋ ಇದೆ. ದಪ್ಪ ಗಾಜಿನ ಕನ್ನಡಕ ಹಾಕಿದ ಹುಡುಗಿಯನ್ನು ಶಾಲೆಯಲ್ಲಿ ‘ಕುರುಡಿ’ ಎಂದು ಆಡಿಕೊಳ್ಳುತ್ತಾರಲ್ಲ, ಆಕೆ ಆ ಕನ್ನಡಕದಲ್ಲಿ 6/9 ಓದಿದರೆ ಕಾನೂನಿನ ಪ್ರಕಾರವೂ ವೈದ್ಯರ ಪ್ರಕಾರವೂ ಆಕೆಗೆ ಅಂಗವೈಕಲ್ಯ ಇಲ್ಲವೇ ಇಲ್ಲ.

ಎರಡು ಊರುಮಾತುಗಳನ್ನು ಇಲ್ಲಿ ಬಿಡಿಸಬೇಕು: ಪೊರೆ ಮತ್ತು ಹೂ. ಪೊರೆ ಎಂದರೆ ಪಾಪೆಯ ಹಿಂದಿರುವ ಮಸೂರ ಮಬ್ಬಾಗುವುದು. ಅದನ್ನು ತೆಗೆದು ಕೃತಕ ಮಸೂರ ಹಾಕಿದರೆ ನೋಟ ಮರಳುತ್ತದೆ. 2015ರಿಂದ 2019ರವರೆಗಿನ ರಾಷ್ಟ್ರೀಯ ಸಮೀಕ್ಷೆಯಲ್ಲಿ 50 ದಾಟಿದವರ ಅಂಧತ್ವದಲ್ಲಿ ನೂರಕ್ಕೆ 66ರಷ್ಟು ಪೊರೆಯಿಂದಲೇ ಆದದ್ದು. ಹೂ ಎಂದರೆ ಕಣ್ಣಿನ ಮುಂಭಾಗದ ಗಾಜಿನಂಥ ಪದರದ ಮೇಲೆ ಹುಣ್ಣಾಗಿ ಮಾಯ್ದು ಉಳಿದ ಬಿಳಿ ಕಲೆ. ಅದು ಪೊರೆಯ ಆಪರೇಷನ್ನಿನಿಂದ ಹೋಗುವುದಿಲ್ಲ. ದಾನವಾಗಿ ಬಂದ ಕಣ್ಣಿನ ಪದರ ಕೂಡಿಸಬೇಕಾಗುತ್ತದೆ. ತುಂಗಭದ್ರಾ ನೀರಾವರಿಯ ಗಂಗಾವತಿ, ಕಾರಟಗಿ, ಸಿಂಧನೂರು, ಸಿರುಗುಪ್ಪದ ಭತ್ತದ ಸೀಮೆಯಲ್ಲಿ ಒಕ್ಕಣೆ ಹೊತ್ತಿನಲ್ಲಿ ಹೊಟ್ಟು ಬಡಿದು ಆಗುವ ಗಾಯಕ್ಕೆ ಬೂಷ್ಟು ತಗುಲುವುದು ಸುಲಭ. ಆಗ ಎದೆಹಾಲು, ಔಡಲೆಣ್ಣೆ, ಸೊಪ್ಪಿನ ರಸ ಹಾಕುವುದು ಒಂದು ತಪ್ಪಾದರೆ, ಔಷಧದ ಅಂಗಡಿಯಿಂದ ಕೇಳಿ ತಂದ ಸ್ಟೆರಾಯ್ಡ್ ಬೆರೆತ ಹನಿ ಹಾಕುವುದು ಅದಕ್ಕಿಂತ ದೊಡ್ಡ ತಪ್ಪು. ಸ್ಟೆರಾಯ್ಡ್ ಎರಡು ದಿನ ಕೆಂಪು ಇಳಿಸಿ ಗುಣವಾದಂತೆ ತೋರಿಸುತ್ತದೆ, ಒಳಗೆ ಬೂಷ್ಟು ಹಬ್ಬಲು ದಾರಿ ಬಿಡುತ್ತದೆ. ಶುದ್ಧ ನೀರಿನಿಂದ ತೊಳೆದು, ಉಜ್ಜದೆ, ಅದೇ ದಿನ ಕಣ್ಣಿನ ವೈದ್ಯರ ಹತ್ತಿರ ಹೋಗಬೇಕು. ಪೊರೆ ಇದ್ದವರಿಗೆ ಆಪರೇಷನ್ ಆಗುವ ತನಕ ಅಂಗವೈಕಲ್ಯದ ಪ್ರಮಾಣಪತ್ರ ಸಿಗುವುದಿಲ್ಲ, ಏಕೆಂದರೆ ಸರಿಹೋಗುವಂಥದ್ದನ್ನು ಶಾಶ್ವತ ಎಂದು ಬರೆಯುವಂತಿಲ್ಲ. ಇದನ್ನು ಮೊದಲೇ ಹೇಳಿದರೆ ವಯಸ್ಸಾದವರು ಬಸ್ಸು ಹತ್ತಿ ಜಿಲ್ಲಾಸ್ಪತ್ರೆಗೆ ಎರಡೆರಡು ಸಲ ಅಲೆಯುವುದು ತಪ್ಪುತ್ತದೆ.

ಇನ್ನು ಮಂದದೃಷ್ಟಿಯಲ್ಲಿ ಅತಿ ಹೆಚ್ಚು ಅಪಾರ್ಥಕ್ಕೆ ಒಳಗಾಗುವವರ ವಿಷಯ. ಸೂಜಿಗೆ ದಾರ ಪೋಣಿಸುತ್ತಾರೆ, ಮೊಬೈಲಿನ ಸಣ್ಣ ಅಕ್ಷರ ಓದುತ್ತಾರೆ, ಆದರೆ ಎದುರಿಗೆ ಮಲಗಿದ ಎಮ್ಮೆಗೆ ಎಡವುತ್ತಾರೆ. ‘ಬೇಕಾದ್ದು ಕಾಣತೈತಿ, ಬ್ಯಾಡಾದ್ದು ಕಾಣಂಗಿಲ್ಲ, ನಾಟಕ’ ಎಂದು ಮನೆಯವರೇ ಬೈಯುತ್ತಾರೆ. ಇದು ನಾಟಕವಲ್ಲ. ಅಕ್ಷಿಪಟಲದ ಅಂಚಿನಲ್ಲಿ ಮಬ್ಬು ಬೆಳಕಿಗಾಗಿ ಇರುವ ಕೋಶಗಳು ಮೊದಲು ಸಾಯುವ ರೆಟಿನೈಟಿಸ್ ಪಿಗ್ಮೆಂಟೋಸಾ ಎಂಬ ಕಾಯಿಲೆಯಲ್ಲಿ ಹೀಗೇ ಆಗುತ್ತದೆ. ಬಾಲ್ಯದಲ್ಲೋ ಹದಿಹರೆಯದಲ್ಲೋ ಇರುಳುಗಣ್ಣಿನಿಂದ ಶುರುವಾಗಿ, ಆಮೇಲೆ ಅಕ್ಕಪಕ್ಕದ ನೋಟ ಹೋಗಿ, ನಡುವೆ ಮಾತ್ರ ಕೊಳವೆಯಲ್ಲಿ ಇಣುಕಿದಂತೆ ಉಳಿಯುತ್ತದೆ. ನಡುವಿನ ನೋಟ 6/6 ಇರಬಹುದು. ಪಟ ಮಾತ್ರ ತೋರಿಸುವ ಶಿಬಿರದಲ್ಲಿ ಇವರು ಕೊನೆಯ ಸಾಲಿನವರೆಗೂ ಓದಿ ‘ಏನೂ ತೊಂದರೆ ಇಲ್ಲ’ ಎಂಬ ಚೀಟಿ ಹಿಡಿದು ಬರುತ್ತಾರೆ.

10 ಡಿಗ್ರಿ ಎಷ್ಟು ಎಂದು ತಿಳಿಯಲು ನಿಮ್ಮ ಕೈಯನ್ನು ಪೂರ್ತಿ ಚಾಚಿ ಮುಷ್ಟಿ ಹಿಡಿಯಿರಿ. ಆ ಮುಷ್ಟಿಯ ಅಗಲ ಸರಿಸುಮಾರು 10 ಡಿಗ್ರಿ. ಅದರಷ್ಟೇ ದೊಡ್ಡ ಕಿಂಡಿಯಿಂದ ಕೊಪ್ಪಳದ ಜವಾಹರ ರಸ್ತೆಯನ್ನು ಸಂತೆಯ ಹೊತ್ತಿನಲ್ಲಿ ದಾಟಬೇಕು ಎಂದು ಎಣಿಸಿಕೊಳ್ಳಿ. ನಾಲ್ಕು ಮುಷ್ಟಿ ಅಗಲ 40 ಡಿಗ್ರಿ, ಮಂದದೃಷ್ಟಿಯ ಮೇಲಿನ ಗೆರೆ. ಇಂಥವರು ಪ್ರಮಾಣಪತ್ರಕ್ಕೆ ಹೋದಾಗ ‘ಫೀಲ್ಡ್ ಟೆಸ್ಟ್ ಮಾಡ್ರಿ’ ಎಂದು ಬಾಯಿಬಿಟ್ಟು ಕೇಳಬೇಕು. ಬೋಗುಣಿಯಂಥ ಯಂತ್ರದೊಳಗೆ ಮುಖ ಇಟ್ಟು, ನಡುವಿನ ಚುಕ್ಕೆಯಿಂದ ಕಣ್ಣು ಕದಲಿಸದೆ, ಅಲ್ಲಲ್ಲಿ ಮಿನುಗುವ ಬೆಳಕು ಕಂಡಾಗ ಗುಂಡಿ ಒತ್ತುವ ಪರೀಕ್ಷೆ ಅದು. ಒಂದೊಂದು ಕಣ್ಣಿಗೆ ಕೆಲವು ನಿಮಿಷ ಹಿಡಿಯುತ್ತದೆ. ಬೆಳಕನ್ನು ಹುಡುಕುತ್ತ ಕಣ್ಣು ಆಡಿಸಿದರೆ ಫಲಿತಾಂಶ ಕೆಡುತ್ತದೆ. ನಿದ್ದೆಗೆಟ್ಟು, ಹಸಿದು, ರಾತ್ರಿ ಬಸ್ಸಿಗೆ ಬಂದು ಕೂತರೂ ಕೆಡುತ್ತದೆ. ಈ ಕಾಯಿಲೆಯ ಹಲವು ಬಗೆಗಳು ತಂದೆತಾಯಿ ಇಬ್ಬರಿಂದಲೂ ದೋಷವಿರುವ ಜೀನ್ ಬಂದಾಗ ಮಾತ್ರ ಕಾಣಿಸಿಕೊಳ್ಳುತ್ತವೆ. ಸೋದರಮಾವ, ಅತ್ತೆಯ ಮಗ ಎಂದು ಒಳಸಂಬಂಧದಲ್ಲಿ ಮದುವೆ ಮಾಡುವ ರೂಢಿ ಇರುವ ನಮ್ಮ ಸೀಮೆಯಲ್ಲಿ ಆ ಸಾಧ್ಯತೆ ಹೆಚ್ಚು. ಒಂದೇ ಮನೆಯಲ್ಲಿ ಅಣ್ಣ ತಂಗಿ ಇಬ್ಬರಿಗೂ ಇರುಳುಗಣ್ಣು ಇದ್ದರೆ ‘ಮನಿ ದೇವರ ಕಾಟ’ ಎಂದು ಸುಮ್ಮನಿರದೆ ಉಳಿದ ಮಕ್ಕಳ ಕಣ್ಣೂ ತೋರಿಸಬೇಕು.

ಎಲ್ಲ ಇರುಳುಗಣ್ಣೂ ಇದೇ ಅಲ್ಲ. ಚಿಕ್ಕ ಮಕ್ಕಳಲ್ಲಿ ಅದು ವಿಟಮಿನ್ ಎ ಕೊರತೆಯ ಮೊದಲ ಗುರುತು, ಅದಕ್ಕೆ ಔಷಧ ಉಂಟು. 9ನೇ ತಿಂಗಳಿಗೆ 1 ಲಕ್ಷ ಯೂನಿಟ್, ಆಮೇಲೆ ಆರು ತಿಂಗಳಿಗೊಮ್ಮೆ 2 ಲಕ್ಷ ಯೂನಿಟ್‌ನಂತೆ 5 ವರ್ಷದವರೆಗೆ, ಒಟ್ಟು 9 ಸಲ ಬಾಯಿಗೆ ಹಾಕಿಸುವ ದ್ರಾವಣ ಅದೇ. ನುಗ್ಗೆಸೊಪ್ಪು, ಗಜ್ಜರಿ, ಪಪ್ಪಾಯಿ ಮನೆಯಲ್ಲೇ ಸಿಗುವಂಥವು. ಒಂದೇ ಪದದ ಕೆಳಗೆ ಗುಣವಾಗುವುದೂ ಗುಣವಾಗದ್ದೂ ಎರಡೂ ಇರುವುದರಿಂದ ‘ಇರುಳುಗಣ್ಣು’ ಎಂದು ಬರೆದು ನಿಲ್ಲಿಸಬಾರದು, ಕಾರಣವನ್ನೂ ಬರೆಯಿಸಬೇಕು. 2024ರ ಜುಲೈನಲ್ಲಿ ಸಿನಿಮಾಗಳಲ್ಲಿ ಅಂಗವೈಕಲ್ಯ ತೋರಿಸುವ ರೀತಿಯ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ ತೀರ್ಪು ಕೂಡ ಸರಿಯಾಗಿ ತಿಳಿಯದೆ ತೋರಿಸುವುದಕ್ಕೆ ಉದಾಹರಣೆಯಾಗಿ ಇರುಳುಗಣ್ಣನ್ನೇ ಎತ್ತಿಕೊಂಡಿತ್ತು. ಬಣ್ಣಗುರುಡು ಮಾತ್ರ ಈ ಪಟ್ಟಿಯಲ್ಲೇ ಇಲ್ಲ. ಕೆಲವು ನೌಕರಿಗಳಿಗೆ ಅದು ಅಡ್ಡ ಬರುತ್ತದೆ, ಆದರೆ ಕಾಯ್ದೆಯ ಅಂಗವೈಕಲ್ಯವಲ್ಲ.

ಶೇಕಡಾವಾರು ಹೇಗೆ ಬರುತ್ತದೆ ಎಂಬುದು ಜನರಿಗೆ ಗುಟ್ಟಿನಂತೆ ಕಾಣುತ್ತದೆ. ಗುಟ್ಟೇನಿಲ್ಲ, ಕೇಂದ್ರದ ಅಧಿಸೂಚನೆಯಲ್ಲಿ ಕೋಷ್ಟಕ ಇದೆ. ಚೆನ್ನಾಗಿರುವ ಕಣ್ಣು 6/18 ಅಥವಾ ಅದಕ್ಕಿಂತ ಮೇಲಿದ್ದರೆ, ಇನ್ನೊಂದು ಕಣ್ಣು ಪೂರ್ತಿ ಹೋಗಿದ್ದರೂ 30. ಒಕ್ಕಣ್ಣಿನವರಿಗೆ ಸೌಲಭ್ಯ ಸಿಗದಿರಲು ಇದೇ ಕಾರಣ. ಹೆಚ್ಚಿನ ಸೌಲಭ್ಯಗಳ ಗೆರೆ 40. ಚೆನ್ನಾಗಿರುವ ಕಣ್ಣು 6/24ರಿಂದ 6/60ರ ನಡುವೆ ಇದ್ದರೆ ಇನ್ನೊಂದರ ಸ್ಥಿತಿ ನೋಡಿ 40, 50 ಅಥವಾ 60. ಅದಕ್ಕಿಂತ ಕೆಳಗೆ 3/60ರವರೆಗೆ 70 ಅಥವಾ 80. ಅದಕ್ಕೂ ಕೆಳಗೆ 90, 100. ಅಂದರೆ 40ರಿಂದ 80ರವರೆಗಿನದು ಮಂದದೃಷ್ಟಿ, 90ರಿಂದ ಅಂಧತ್ವ. ‘ನಂದು 75 ಮಾಡಿಕೊಡ್ರಿ’ ಎಂದು ಕೇಳುವವರಿದ್ದಾರೆ, ಮಾಸಾಶನದಲ್ಲಿ 75 ದಾಟಿದವರಿಗೆ ಹೆಚ್ಚಿನ ಮೊತ್ತ ಇರುವುದರಿಂದ. ಕಣ್ಣೊಂದಕ್ಕೇ ಈ ಕೋಷ್ಟಕದಲ್ಲಿ 75 ಎಂಬ ಅಂಕಿ ಬರುವುದೇ ಇಲ್ಲ.

ಪ್ರಮಾಣಪತ್ರಕ್ಕೂ ಅಂಗವೈಕಲ್ಯದ ಗುರುತಿನ ಕಾರ್ಡಿಗೂ ಅರ್ಜಿ ಹಾಕುವುದು ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ. ಆಧಾರ್, ಫೋಟೋ, ಸಹಿ ಅಥವಾ ಹೆಬ್ಬೆಟ್ಟು, ವಿಳಾಸದ ದಾಖಲೆ ಇಟ್ಟುಕೊಂಡು ಹೋದರೆ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರೇ ತುಂಬಿಕೊಡುತ್ತಾರೆ. ತಾಲೂಕಿಗೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಪಟ್ಟಣಕ್ಕೆ ನಗರ ಪುನರ್ವಸತಿ ಕಾರ್ಯಕರ್ತರು ಇದ್ದಾರೆ. ಪರೀಕ್ಷೆ ನಡೆಯುವುದು ಸರ್ಕಾರಿ ಆಸ್ಪತ್ರೆಯಲ್ಲಿ, ರಾಯಚೂರಿನವರಿಗೆ ರಿಮ್ಸ್, ಬಳ್ಳಾರಿಯವರಿಗೆ ಜನ ಈಗಲೂ ವಿಮ್ಸ್ ಎನ್ನುವ ವೈದ್ಯಕೀಯ ಕಾಲೇಜು ಹತ್ತಿರದ ದೊಡ್ಡ ಆಸ್ಪತ್ರೆಗಳು. ತಪ್ಪಾಗುವುದು ಸಾಮಾನ್ಯವಾಗಿ ಮೂರು ಕಡೆ: ಆಧಾರ್‌ನಲ್ಲಿ ಒಂದು ಹೆಸರು ಅರ್ಜಿಯಲ್ಲಿ ಇನ್ನೊಂದು, ಅಂಗವೈಕಲ್ಯದ ಬಗೆಯಲ್ಲಿ ‘ಮಂದದೃಷ್ಟಿ’ ಬದಲು ‘ಅಂಧತ್ವ’ ಒತ್ತಿರುವುದು, ಹಳೆಯ ಕಣ್ಣಿನ ಚೀಟಿ, ಆಪರೇಷನ್ ಕಾಗದ ಮನೆಯಲ್ಲೇ ಬಿಟ್ಟು ಬಂದಿರುವುದು. ಕಾರ್ಡಿನ ಬಣ್ಣ ನೋಡಿದರೂ ಪ್ರಮಾಣ ತಿಳಿಯುತ್ತದೆ: 40ಕ್ಕಿಂತ ಕಡಿಮೆಗೆ ಬಿಳಿ, 40ರಿಂದ 80ರೊಳಗೆ ಹಳದಿ, 80 ಮತ್ತು ಮೇಲಕ್ಕೆ ನೀಲಿ.

ಪದ ಬದಲಾದರೆ ಏನು ಬದಲಾಗುತ್ತದೆ? ಸರ್ಕಾರಿ ನೌಕರಿಯಲ್ಲಿ ಕಾಯ್ದೆಯ 4 ಶೇಕಡಾ ಮೀಸಲಿನಲ್ಲಿ 1 ಶೇಕಡಾ ಅಂಧತ್ವ ಮತ್ತು ಮಂದದೃಷ್ಟಿ ಎರಡಕ್ಕೂ ಸೇರಿ ಇದೆ, ಅಲ್ಲಿ ಭೇದ ಕಡಿಮೆ. ರೈಲಿನ ರಿಯಾಯಿತಿ ಅಂಧರಿಗೆ ಮಾತ್ರ, ಮಂದದೃಷ್ಟಿಯವರಿಗೆ ಇಲ್ಲ. ಪರೀಕ್ಷೆಯಲ್ಲಿ ಭೇದ ಇನ್ನೂ ಸೂಕ್ಷ್ಮ. 2018ರ ಕೇಂದ್ರದ ಮಾರ್ಗಸೂಚಿಯಂತೆ ಅಂಧತ್ವ ಇರುವ ವಿದ್ಯಾರ್ಥಿ ಬಯಸಿದರೆ ಲಿಪಿಕಾರರನ್ನು ಕೊಡಬೇಕಿತ್ತು. ಮಂದದೃಷ್ಟಿಯ ವಿದ್ಯಾರ್ಥಿ ತನಗೆ ಬರೆಯಲು ದೈಹಿಕ ಅಡಚಣೆ ಇದೆ ಎಂದು ಸರ್ಕಾರಿ ವೈದ್ಯಾಧಿಕಾರಿಯಿಂದ ಬೇರೆ ಪ್ರಮಾಣಪತ್ರ ತರಬೇಕಿತ್ತು. ನಿಯಮ ಗೊತ್ತಿಲ್ಲದೆ ಕಾರ್ಡೊಂದನ್ನೇ ಹಿಡಿದು ಪರೀಕ್ಷೆಯ ಹಿಂದಿನ ದಿನ ಹೋದರೆ ಕೆಲಸ ಆಗುವುದಿಲ್ಲ. ಒಂದೆರಡು ತಿಂಗಳು ಮೊದಲೇ ಮಾಡಿಸಿಡಬೇಕು. ಗಂಟೆಗೆ 20 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಹೆಚ್ಚುವರಿ ಸಮಯ ಕೊಡಬೇಕೆಂಬುದೂ ಅದೇ 2018ರ ಮಾರ್ಗಸೂಚಿಯಲ್ಲಿತ್ತು.

ನನಗೆ ಎಲ್ಲಕ್ಕಿಂತ ಸಂಕಟವಾಗುವುದು ತರಗತಿಯೊಳಗಿನ ತಪ್ಪು. ‘ಅಂಧ’ ಎಂದು ಬರೆದ ಕೂಡಲೇ ಮಗುವಿನ ಕೈಗೆ ಬ್ರೈಲ್ ಹಾಳೆ ಬರುತ್ತದೆ, ಅಕ್ಷರದ ಪುಸ್ತಕ ಹೋಗುತ್ತದೆ. ಸ್ವಲ್ಪ ಕಾಣುವ ಮಗು ಆ ಬ್ರೈಲ್ ಚುಕ್ಕೆಗಳನ್ನು ಬೆರಳಿನಿಂದ ಮುಟ್ಟದೆ, ಹಾಳೆಯನ್ನು ಓರೆ ಹಿಡಿದು, ನೆರಳಿನಲ್ಲಿ ಕಣ್ಣಿನಿಂದಲೇ ಓದಲು ಹೆಣಗುತ್ತದೆ. ಕುತ್ತಿಗೆ ನೋವು, ತಲೆನೋವು, ಓದೂ ನಿಧಾನ. ಉಳಿದ ನೋಟ ಬಳಸಿದರೆ ಸವೆದುಹೋಗುತ್ತದೆ ಎಂಬ ನಂಬಿಕೆ ಊರಲ್ಲಿದೆ, ಅದು ಸುಳ್ಳು. ಪುಸ್ತಕ ಮೂಗಿನ ಹತ್ತಿರ ಹಿಡಿದು ಓದಿದರೆ ಕಣ್ಣು ಕೆಡುವುದಿಲ್ಲ; ದೂರ ಅರ್ಧವಾದರೆ ಅಕ್ಷರ ಎರಡು ಪಟ್ಟು ದೊಡ್ಡದಾಗಿ ಕಾಣುತ್ತದೆ, ಮಗು ತನಗೆ ತಾನೇ ಕಂಡುಕೊಂಡ ಭೂತಗನ್ನಡಿ ಅದು. ಕಿಟಕಿಗೆ ಬೆನ್ನು ಮಾಡಿ ಮುಂದಿನ ಸಾಲಿನಲ್ಲಿ ಕೂರಿಸಿ. ಹಲಗೆಗೆ ಪ್ರತಿವರ್ಷ ಕಪ್ಪು ಬಳಿಯಿಸಿ, ಬೂದುಬಣ್ಣಕ್ಕೆ ತಿರುಗಿದ ಹಲಗೆಯ ಮೇಲೆ ಬಿಳಿ ಬಳಪ ಇವರಿಗೆ ಕಾಣುವುದೇ ಇಲ್ಲ. ಬರೆದದ್ದನ್ನು ಬಾಯಿಂದಲೂ ಓದಿ. ನೋಟ್‌ಬುಕ್ಕಿನ ತೆಳು ನೀಲಿ ಗೆರೆಗಳ ಮೇಲೆ ದಪ್ಪ ಕಪ್ಪು ಸ್ಕೆಚ್ ಪೆನ್ನಿನಲ್ಲಿ ಗೆರೆ ಎಳೆದುಕೊಡಿ. ಒಂದು ಸಾಲಿನಷ್ಟೇ ಅಗಲದ ಸೀಳು ಬಿಟ್ಟ ಕಪ್ಪು ರಟ್ಟನ್ನು ಪುಟದ ಮೇಲಿಟ್ಟರೆ ಸಾಲು ತಪ್ಪುವುದಿಲ್ಲ, ಬಿಳಿ ಹಾಳೆಯ ಹೊಳಪೂ ಕಣ್ಣಿಗೆ ಹೊಡೆಯುವುದಿಲ್ಲ. ಖರ್ಚು ಒಂದು ರಟ್ಟು. ಭೂತಗನ್ನಡಿ ಕೊಳ್ಳುವಾಗ ಮೇಲೆ ಬರೆದ ಡಯಾಪ್ಟರ್ (ಮಸೂರದ ಶಕ್ತಿಯ ಅಳತೆ) ಅಂಕಿಯನ್ನು 4ರಿಂದ ಭಾಗಿಸಿದರೆ ಎಷ್ಟು ಪಟ್ಟು ಎಂದು ಸಿಗುತ್ತದೆ, 20 ಇದ್ದರೆ 5 ಪಟ್ಟು. ಪಟ್ಟು ಹೆಚ್ಚಾದಂತೆ ಒಮ್ಮೆಗೆ ಕಾಣುವ ಅಕ್ಷರ ಕಡಿಮೆಯಾಗುತ್ತವೆ, ಹಾಗಾಗಿ ಓದಲು ಸಾಕಾಗುವಷ್ಟು ಕಡಿಮೆ ಶಕ್ತಿಯದನ್ನೇ ಆರಿಸಬೇಕು. ನೋಟದ ಹರವು ಕಿರಿದಾದ ಮಗುವಿಗೆ ಹೆಚ್ಚು ಪಟ್ಟಿನ ಕನ್ನಡಿ ಕೊಟ್ಟರೆ ಓದು ಇನ್ನೂ ಕಷ್ಟವಾಗುತ್ತದೆ. ವರ್ಷದಿಂದ ವರ್ಷಕ್ಕೆ ನೋಟ ಕುಗ್ಗುತ್ತಿರುವ ಮಗುವಿಗೆ ಮಾತ್ರ ಅಕ್ಷರದ ಜೊತೆಗೇ ಬ್ರೈಲ್ ಕಲಿಸಬೇಕು, ಬೆರಳು ಎಳೆಯದಾಗಿರುವಾಗಲೇ.

ಕಚೇರಿಗಳವರಿಗೆ ಒಂದು ಮಾತು. ‘ದೃಷ್ಟಿ ವಿಕಲಚೇತನರ ಗಮನಕ್ಕೆ’ ಎಂದು ತಲೆಬರಹ ಕೊಟ್ಟ ಸುತ್ತೋಲೆಯನ್ನು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟಿನಲ್ಲಿ ಟೈಪಿಸಿದರೆ, ಪರದೆಯ ಮೇಲಿನದನ್ನು ಓದಿ ಹೇಳುವ ಮೊಬೈಲಿನ ಟಾಕ್‌ಬ್ಯಾಕ್ ಅದನ್ನು ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳಾಗಿ ಓದುತ್ತದೆ. ಸ್ಕ್ಯಾನ್ ಮಾಡಿ ಚಿತ್ರವಾಗಿ ಹಾಕಿದರೆ ಅದೂ ಇಲ್ಲ. ಪದ ಎಷ್ಟೇ ಮರ್ಯಾದೆಯದಾಗಿರಲಿ, ಯಾರಿಗಾಗಿ ಬರೆದದ್ದೋ ಅವರಿಗೆ ತಲುಪುವುದಿಲ್ಲ. ಯೂನಿಕೋಡಿನಲ್ಲಿ ಬರೆದು ಅಕ್ಷರಗಳಾಗಿಯೇ ಕಳಿಸಿ.

ಮಾತಿನಲ್ಲಿ ಯಾವ ಪದ ಬಳಸಬೇಕು ಎಂದು ಕೇಳುವವರಿಗೆ ನನ್ನ ಉತ್ತರ: ಮೊದಲು ಹೆಸರು, ಆಮೇಲೆ ಕಸುಬು. ಕೊಪ್ಪಳಕ್ಕೆ ಹೊಂದಿಕೊಂಡ ಗದಗಿನಲ್ಲಿ ಪಂಚಾಕ್ಷರಿ ಗವಾಯಿಗಳು, ಅವರ ಶಿಷ್ಯ ಪುಟ್ಟರಾಜ ಗವಾಯಿಗಳು ಇಬ್ಬರೂ ಕಣ್ಣು ಕಾಣದವರು. 2010ರಲ್ಲಿ ಪುಟ್ಟರಾಜರಿಗೆ ಪದ್ಮಭೂಷಣ ಬಂತು. ಈ ಸೀಮೆಯ ಜನ ಅವರನ್ನು ಕರೆದದ್ದು, ಈಗಲೂ ಕರೆಯುವುದು ‘ಗವಾಯಿಗಳು’ ಅಥವಾ ‘ಅಜ್ಜಾರು’ ಎಂದು. ಕಣ್ಣಿನ ಮಾತು ಬರಲೇಬೇಕಾದಲ್ಲಿ ‘ಕಣ್ಣು ಕಾಣದವರು’, ‘ಕಣ್ಣು ಕಮ್ಮಿ ಕಾಣುವವರು’ ಎಂಬ ನಮ್ಮ ಆಡುಮಾತುಗಳೇ ನೆಟ್ಟಗಿವೆ: ಅಳತೆಯನ್ನೂ ಹೇಳುತ್ತವೆ, ನೋಯಿಸುವುದೂ ಇಲ್ಲ. ಬರವಣಿಗೆಯಲ್ಲಿ ‘ಮಂದದೃಷ್ಟಿ ಇರುವ ವಿದ್ಯಾರ್ಥಿ’ ಎನ್ನಿ, ‘ಮಂದದೃಷ್ಟಿಗಳು’ ಎನ್ನಬೇಡಿ. ‘ದೃಷ್ಟಿಮಾಂದ್ಯ’ ಎಂದೂ ಕೆಲವು ಪಟ್ಟಿಗಳಲ್ಲಿದೆ. ಅದು ಬುದ್ಧಿಮಾಂದ್ಯದ ಜೊತೆ ಕಲಸಿಹೋಗುವುದನ್ನು ಕಂಡು ನಾನು ಬಿಟ್ಟಿದ್ದೇನೆ. ಸಾರ್ವಜನಿಕ ಜಾಗದಲ್ಲಿ ಅವಮಾನಿಸಬೇಕೆಂದೇ ಹೀಯಾಳಿಸುವುದು ಕಾಯ್ದೆಯ 92ನೇ ಕಲಮಿನಡಿ ಅಪರಾಧ, 6 ತಿಂಗಳಿಂದ 5 ವರ್ಷದವರೆಗೆ ಸೆರೆ ಮತ್ತು ದಂಡ.

ಸಮೀಕ್ಷೆಗೆ ಹೋಗುವವರು ಪಟ್ಟಿಯ ಕಣ್ಣಿನ ಕಾಲಂನಲ್ಲಿ ಹೀಗೆ ಬರೆದರೆ ಸಾಕು: ಯಾವ ಕಣ್ಣು, ಕನ್ನಡಕದೊಂದಿಗೆ ಎಷ್ಟು ದೂರದಿಂದ ಬೆರಳು ಎಣಿಸಿದರು, ರಾತ್ರಿ ನಡೆಯಲು ತೊಂದರೆ ಇದೆಯೇ, ಯಾವಾಗಿನಿಂದ. ‘ಬಲಗಣ್ಣು 2 ಮೀಟರ್, ಎಡಗಣ್ಣು ಬೆಳಕು ಮಾತ್ರ, ಕನ್ನಡಕ ಇಲ್ಲ, ಎಡಗಣ್ಣಲ್ಲಿ ಹೂ, ಮೂರು ವರ್ಷದಿಂದ’. ಇಷ್ಟು ಬರೆದ ಚೀಟಿ ಕೈಯಲ್ಲಿದ್ದರೆ ವೈದ್ಯರು ಬಲಗಣ್ಣಿಗೆ ಮೊದಲು ಕನ್ನಡಕ ಹಾಕಿ ನೋಡುತ್ತಾರೆ.